ಆಪ್ಷನ್ ಎಂಟ್ರಿಗೆ ಮುಂಚೆ ಒಪಿಡಿ ನೋಡಿ ಬಂದೆ

ನೀಟ್ ಫಲಿತಾಂಶ ಬಂದ ದಿನ ದೊಡ್ಡ ಕೆಲಸ ಮುಗಿಯಿತು ಅಂದುಕೊಂಡೆ. ಎಂಬಿಬಿಎಸ್ ಸೀಟಿಗಾಗಿ ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಹಾಕಲು ಕೂತಾಗ ಬಾಕಿ ಇರುವುದೇ ಜಾಸ್ತಿ ಅಂತ ಗೊತ್ತಾಯಿತು.

ಮೊದಲು ಕಾಡಿದ್ದು ವ್ಯಾಸಂಗ ಪ್ರಮಾಣಪತ್ರ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದನ್ನು ತೋರಿಸಬೇಕಿತ್ತು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕಿತ್ತು. ನಾನು ಎಂಟನೇ ಕ್ಲಾಸಿಗೆ ಶಾಲೆ ಬದಲಿಸಿದ್ದೆ. ಹಳೆಯ ಶಾಲೆಯವರು ಕೊಟ್ಟ ಪತ್ರದಲ್ಲಿ ಒಂದು ವರ್ಷ ಬಿಟ್ಟುಹೋಗಿತ್ತು. ಅಪ್ಪ ಎರಡು ಸಲ ಓಡಾಡಿದರು. ದಯವಿಟ್ಟು ಫಲಿತಾಂಶಕ್ಕೆ ಕಾಯದೆ ಇದನ್ನು ಮಾಡಿಸಿಟ್ಟುಕೊಳ್ಳಿ.

ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು. ‘ನನ್ನ ರ‍್ಯಾಂಕಿಗೆ ಇದೇ ಸಿಗೋದು’ ಅಂತ ನಾನೇ ಊಹಿಸಿ, ಸಿಗಬಹುದಾದ ಕಾಲೇಜನ್ನು ಮೊದಲಿಗೆ ಹಾಕಿದ್ದೆ. ಅದು ತಪ್ಪು. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತಾರೆ. ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟು ನಿಮ್ಮದಾಗುತ್ತದೆ. ಆಸೆಯ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಸೀಟೇನೂ ಕೈತಪ್ಪುವುದಿಲ್ಲ. ಅಣಕು ಹಂಚಿಕೆ (ನಿಜವಾದ ಹಂಚಿಕೆಗೆ ಮುಂಚಿನ ಪ್ರಯೋಗ) ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶವಿತ್ತು, ಬಚಾವಾದೆ.

ಆದರೆ ಆಸೆಯ ಕಾಲೇಜು ಯಾವುದು? ಪಠ್ಯಕ್ರಮ ಎಲ್ಲ ಕಡೆಯೂ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದೇ (ಎನ್‌ಎಂಸಿ). ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದನ್ನು ನೋಡಲು ಅಪ್ಪನ ಜೊತೆ ಎರಡು ಕಾಲೇಜಿಗೆ ಹೋದೆ. ಒಂದರಲ್ಲಿ ಕಟ್ಟಡ ಫಳಫಳ ಹೊಳೆಯುತ್ತಿತ್ತು. ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ಒಪಿಡಿಯ (ಹೊರರೋಗಿ ವಿಭಾಗ) ಬೆಂಚುಗಳು ಖಾಲಿ. ಇನ್ನೊಂದರಲ್ಲಿ ಗೋಡೆಯ ಬಣ್ಣ ಕಿತ್ತಿತ್ತು, ಚೀಟಿ ಮಾಡಿಸುವ ಸಾಲು ಮೆಟ್ಟಿಲವರೆಗೆ ಬಂದಿತ್ತು. ಅಲ್ಲಿ ಒಬ್ಬ ಇಂಟರ್ನ್ ಅಕ್ಕನನ್ನು ಮಾತಾಡಿಸಿದೆ. ‘ನೀವೇ ಹೆರಿಗೆ ಮಾಡಿಸಿದ್ದೀರಾ ಅಕ್ಕ?’ ಅಂದೆ. ‘ಲೆಕ್ಕ ಇಟ್ಟಿಲ್ಲಮ್ಮ’ ಅಂದರು. ಅಪ್ಪ ನನ್ನ ಮುಖ ನೋಡಿದರು. ಆ ಕಾಲೇಜು ಪಟ್ಟಿಯ ಮೇಲಕ್ಕೆ ಹೋಯಿತು, ಸೀಟೂ ಅಲ್ಲೇ ಸಿಕ್ಕಿತು.

ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಕೈ ಪಳಗುವುದು ಹೇಗೆ ಅಲ್ವಾ? ಹಾಸ್ಟೆಲ್, ಊಟ ಎಲ್ಲ ಆಮೇಲಿನ ಮಾತು. ಹೋದರೆ ಇಂಟರ್ನ್‌ಗಳನ್ನೇ ಕೇಳಿ. ಪ್ರಾಸ್ಪೆಕ್ಟಸ್ ಓದಿದರೆ ಇದು ತಿಳಿಯುವುದಿಲ್ಲ.

ಸೇರಿದ ಮೇಲೆ ನನಗೆ ತುಂಬಾ ಹಿಡಿಸಿದ್ದು ಕುಟುಂಬ ದತ್ತು ಕಾರ್ಯಕ್ರಮ. ಮೊದಲ ವರ್ಷದಲ್ಲೇ ಆರೋಗ್ಯ ವಿಚಾರಿಸಿಕೊಳ್ಳಲು ಹಳ್ಳಿಯ ಮೂರು ಮನೆಗಳನ್ನು ನನಗೆ ವಹಿಸಿದರು. ಬಿಪಿ ನೋಡುವುದನ್ನು ಪುಸ್ತಕದಲ್ಲಿ ಓದಿದ್ದೆ. ಅಲ್ಲಿ ಒಬ್ಬ ಅಜ್ಜಿಯ ತೋಳಿಗೆ ಪಟ್ಟಿ ಸುತ್ತುವಾಗ ಕೈ ನಡುಗಿತು. ಎರಡು ಸಲ ನೋಡಿದರೂ ಜಾಸ್ತಿಯೇ ಬಂತು. ಮೇಡಂ ಮೂರನೇ ಸಲ ನೋಡಿ ಹೌದು ಅಂದರು. ಅಜ್ಜಿ ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತು. ಈಗ ನಾನು ಹೋದಾಗಲೆಲ್ಲ ಗುಳಿಗೆಯ ಡಬ್ಬಿ ತಂದು ಮುಂದಿಡುತ್ತಾರೆ. ಕೂತು ಎಣಿಸುತ್ತೇನೆ.