1793 ಅಲ್ಲ, 1850ರ ಮೇಲಿನದು

ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಎರಡು ಗ್ಯಾಲನ್ ಹಿಡಿಯುವ ಬೂದು ಬಣ್ಣದ ಹೂಜಿ ಕಣ್ಣಿಗೆ ಬಿತ್ತು. ಮೈಮೇಲೆ ಕೋಬಾಲ್ಟ್ ನೀಲಿಯ ಹಕ್ಕಿ. ಹೆಗಲ ಮೇಲೆ ‘ಜೆ. ಅಂಡ್ ಇ. ನಾರ್ಟನ್, ಬೆನ್ನಿಂಗ್ಟನ್’ ಎಂಬ ಮುದ್ರೆ. “ಇದು 1793ರದ್ದು” ಎಂದರು ಮಾರುವವರು. ಬೆಲೆಯೂ ಅದಕ್ಕೆ ತಕ್ಕ ಹಾಗೇ ಇತ್ತು.

ಮೊದಲು ಮೈ ಸವರಿದೆ. ಉಪ್ಪಿನ ಮೆರುಗಾದರೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳಿಗಳು ಕೈಗೆ ಸಿಗುತ್ತವೆ. ನಮ್ಮ ಉಪ್ಪಿನಕಾಯಿ ಭರಣಿಯ ನುಣುಪೇ ಬೇರೆ. ಮಡಕೆ ಸುಡುವ ಗೂಡು 1200 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಒಳಕ್ಕೆ ಉಪ್ಪು ಎರಚುತ್ತಿದ್ದರು. ಅದು ಆವಿಯಾಗಿ, ಅದರ ಸೋಡಿಯಂ ಮಣ್ಣಿನ ಸಿಲಿಕಾ ಜೊತೆ ಸೇರಿ ಮೈಮೇಲೇ ಗಾಜಾಗುತ್ತಿತ್ತು. ಹೂಜಿಯ ಬಾಯಿ ಕಿರಿದು, ಆವಿ ಒಳಗೆ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಒಳಮೈಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಕಡೆಯ ಮಣ್ಣನ್ನು ತೆಳ್ಳಗೆ ಕಲಸಿ ಬಳಿಯುತ್ತಿದ್ದರು. ಟಾರ್ಚ್ ಬಿಟ್ಟು ನೋಡಿದೆ. ಚಾಕೊಲೇಟ್ ಬಣ್ಣ, ಆ ಮಣ್ಣಿನದ್ದೇ. ಅಲ್ಲಿಯವರೆಗೆ ಗುಮಾನಿ ಪಡುವಂಥದ್ದೇನೂ ಇರಲಿಲ್ಲ.

ಆದರೆ ವರ್ಷ? 1830ಕ್ಕೆ ಹಿಂದಿನ ಅಮೆರಿಕದ ಹೂಜಿಗಳು ಹೆಚ್ಚಾಗಿ ಮೊಟ್ಟೆಯ ಆಕಾರ. ಹೆಗಲು ಉಬ್ಬಿರುತ್ತದೆ, ಬುಡ ಸಣ್ಣ. ಬರಬರುತ್ತಾ ಪಕ್ಕೆ ನೆಟ್ಟಗಾಯಿತು. ಇದರದ್ದು ನೆಟ್ಟಗೇ ಇತ್ತು. ಹಳಬರು ಹಸಿ ಮಣ್ಣಿನಲ್ಲಿ ಚಿತ್ರ ಗೀರಿ ನೀಲಿ ತುಂಬುತ್ತಿದ್ದದ್ದೂ ಉಂಟು. ಈ ಹಕ್ಕಿಗೆ ಒಂದು ಗೀರೂ ಇಲ್ಲ.

ಉಳಿದದ್ದನ್ನು ಮುದ್ರೆಯೇ ಹೇಳಿತು. ನಾರ್ಟನ್ ಮನೆತನ ವರ್ಮಾಂಟ್‌ನ ಬೆನ್ನಿಂಗ್ಟನ್ ಊರಿನಲ್ಲಿ ಮಡಕೆ ಕೆಲಸ ಶುರು ಮಾಡಿದ್ದು 1793ರಲ್ಲಿ, ನಿಜ. ಪಾಲುದಾರರು ಬದಲಾದ ಹಾಗೆ ಮುದ್ರೆಯೂ ಬದಲಾಗುತ್ತಿತ್ತು. 1844ರಿಂದ 1847ರವರೆಗೆ ‘ನಾರ್ಟನ್ ಅಂಡ್ ಫೆಂಟನ್’. ಜೂಲಿಯಸ್ ನಾರ್ಟನ್, ಎಡ್ವರ್ಡ್ ನಾರ್ಟನ್ ಜೊತೆಗಿದ್ದ 1850–59ರಲ್ಲಿ ‘ಜೆ. ಅಂಡ್ ಇ.’. 1861ರಿಂದ 1881ರವರೆಗೆ ‘ಇ. ಅಂಡ್ ಎಲ್. ಪಿ.’ ಮಾರುವವರು ಕಾರ್ಖಾನೆ ಹುಟ್ಟಿದ ವರ್ಷವನ್ನೇ ಹೂಜಿಗೂ ಅಂಟಿಸಿದ್ದರು. ಬೇಕೆಂದೇ ಸುಳ್ಳು ಹೇಳಿದರು ಅಂತ ನನಗನ್ನಿಸಲಿಲ್ಲ.

ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದೆ. ಮನೆಗೆ ಬಂದು, ಊರಲ್ಲಿ ಮಡಕೆ ಕೊಳ್ಳುವಾಗ ತಟ್ಟುತ್ತೇವಲ್ಲ, ಹಾಗೆ ಸುಮ್ನೆ ತಟ್ಟಿದೆ. ಠಣ್ ಅನ್ನಬೇಕಿದ್ದದ್ದು ಬೊದ್ದಾಗಿ ಸದ್ದು ಮಾಡಿತು. ಹಿಡಿಯ ಕೆಳಗೆ ಕೂದಲೆಳೆಯಷ್ಟು ಬಿರುಕು. ಇಷ್ಟೆಲ್ಲ ಪರೀಕ್ಷೆ ಮಾಡಿದವನು ಅದೊಂದನ್ನು ಸಂತೆಯಲ್ಲೇ ಮಾಡಬಾರದಿತ್ತೇ ಅಂತ ಹೆಂಡತಿ ಈಗಲೂ ಕೇಳುತ್ತಾಳೆ.