ಗಿಟಾರಿನ ಪೆಟ್ಟಿಗೆಗೆ ಸರೇಸು: ಕ್ಲಾಂಪಿಗೆ ಮುನ್ನ ಮರ ಬೆಚ್ಚಗಿರಲಿ

ಅಕೌಸ್ಟಿಕ್ ಗಿಟಾರನ್ನು ಮನೆಯಲ್ಲೇ ಕಟ್ಟಲು ಹೊರಟವರು ಪಕ್ಕೆಗಳನ್ನು ಬಗ್ಗಿಸುವ ಕೆಲಸಕ್ಕೆ ಹೆದರುತ್ತಾರೆ. ಕೆಲಸ ಕೆಡುವುದು ಮಾತ್ರ ಅಂಟಿಸುವಾಗ. ತಿಂಗಳುಗಟ್ಟಲೆ ಉಜ್ಜಿ ತೆಳುವಾಗಿಸಿದ ಹಲಗೆಗೆ ಸುತ್ತಲೂ ಸರೇಸು ಎಂಬ ಅಂಟು ಬಳಿದು, ಮೂವತ್ತು ಕ್ಲಾಂಪ್‌ಗಳನ್ನು ಒಂದೊಂದಾಗಿ ಬಿಗಿಯುತ್ತಾ ಬರುವಷ್ಟರಲ್ಲಿ ಮೊದಲು ಬಳಿದ ಕಡೆ ಅಂಟು ಹೆಪ್ಪುಗಟ್ಟಿರುತ್ತದೆ. ಸಂಶಯ ಬಂದವರು ಕ್ಲಾಂಪನ್ನು ಇನ್ನೂ ಎರಡು ಸುತ್ತು ತಿರುಗಿಸುತ್ತಾರೆ. ಹೆಪ್ಪುಗಟ್ಟಿದ ಅಂಟನ್ನು ಮರದೊಳಕ್ಕೆ ಇಳಿಸುವ ಶಕ್ತಿ ಯಾವ ಕ್ಲಾಂಪಿಗೂ ಇಲ್ಲ.

ಪ್ರಾಣಿಗಳ ತೊಗಲನ್ನು ಬೇಯಿಸಿ ತೆಗೆಯುವ ಈ ಅಂಟು ನಮ್ಮ ಬಡಗಿಗಳಿಗೆ ಹೊಸದೇನಲ್ಲ. ಮರವಜ್ರ, ಸರೇಸು ಎಂಬ ಹೆಸರುಗಳಿಂದ ಕರೆಯುತ್ತಿದ್ದ ಇದನ್ನು ಹಿಂದಿನವರು ಒಲೆಯ ಮೇಲೆ ಕರಗಿಸಿ ಬಳಸುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಕರಗಿಸುವ ಗೋಜೂ ವಾಸನೆಯೂ ತಪ್ಪಿದವು. ಮೇಜು, ಕುರ್ಚಿಗಳಿಗೆ ಬಿಳಿ ಅಂಟು ಧಾರಾಳವಾಗಿ ಸಾಕು. ಆದರೆ ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ತೂಕದಷ್ಟು ಬಲದಿಂದ ಹಗಲೂ ರಾತ್ರಿ ಎಳೆಯುವ ಪೆಟ್ಟಿಗೆಯಲ್ಲಿ, ಒಣಗಿದ ಮೇಲೂ ಕೊಂಚ ಮೆತುವಾಗಿಯೇ ಉಳಿಯುವ ಬಿಳಿ ಅಂಟು ಕ್ರಮೇಣ ಜರುಗುತ್ತದೆ. ಸರೇಸು ಗಾಜಿನಂತೆ ಬಿರುಸಾಗುತ್ತದೆ, ಜರುಗುವುದಿಲ್ಲ, ಮುಂದೆಂದಾದರೂ ರಿಪೇರಿಗೆ ಬಂದರೆ ಬಿಸಿ ಮತ್ತು ತೇವಕ್ಕೆ ಬಿಟ್ಟುಕೊಡುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹಳೆಯ ಮಾದರಿಗಳನ್ನು ಮರುಸೃಷ್ಟಿಸುವ ಅಥೆಂಟಿಕ್ ಸರಣಿಯ ಗಿಟಾರುಗಳಿಗೆ ಇದೇ ಅಂಟನ್ನು ಆರಿಸಿಕೊಂಡಿರುವುದು ಸುಮ್ಮನೆ ಅಲ್ಲ.

ಅಂಟನ್ನು ಹರಳಿನ ರೂಪದಲ್ಲೇ ಕೊಳ್ಳಬೇಕು. ಪೊಟ್ಟಣದ ಮೇಲೆ 192, 251, 315 ಎಂಬಂಥ ಅಂಕಿಗಳಿರುತ್ತವೆ. ಹೆಪ್ಪುಗಟ್ಟಿದ ಅಂಟಿನೊಳಕ್ಕೆ ನಿಗದಿತ ಗಾತ್ರದ ದಿಂಡೊಂದನ್ನು ಇಷ್ಟು ಆಳಕ್ಕೆಂದು ಒತ್ತಲು ಎಷ್ಟು ಗ್ರಾಂ ಭಾರ ಬೇಕು ಎಂಬುದರ ಲೆಕ್ಕ ಅದು. ಅಂಕಿ ಹೆಚ್ಚಿದಷ್ಟೂ ಬೇಗ ಹೆಪ್ಪುಗಟ್ಟುತ್ತದೆ. ಹೆಚ್ಚು ಅಂಕಿಯದು ಹೆಚ್ಚು ಒಳ್ಳೆಯದೆಂದು 315 ತರುವವರು ತಮ್ಮ ಕೈಯಲ್ಲಿರುವ ಅಷ್ಟಿಷ್ಟು ಸಮಯವನ್ನೂ ಕಳೆದುಕೊಳ್ಳುತ್ತಾರೆ. ಪೆಟ್ಟಿಗೆಯ ಕೆಲಸಕ್ಕೆ 192 ತನ್ನಿ, ಬೇರೆಯದನ್ನು ಮುಟ್ಟಬೇಡಿ. ಬಾಟಲಿಯಲ್ಲಿ ಸಿಗುವ ದ್ರವರೂಪದ ಸರೇಸಿಗೆ ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಯೂರಿಯಾದಂಥ ವಸ್ತು ಬೆರೆಸಿರುತ್ತಾರೆ. ಹಳತಾದ ಬಾಟಲಿಯ ಅಂಟು ಕೆಲವೊಮ್ಮೆ ಗಟ್ಟಿಯಾಗುವುದೇ ಇಲ್ಲ, ನಮ್ಮ ಮಳೆಗಾಲದ ತೇವಕ್ಕಂತೂ ಅದನ್ನು ನಂಬುವಂತಿಲ್ಲ.

30 ಗ್ರಾಂ ಹರಳನ್ನು 55ರಿಂದ 60 ಗ್ರಾಂ ತಣ್ಣೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಅದು ನೀರನ್ನೆಲ್ಲ ಹೀರಿ ಉಬ್ಬಿದ ಮೇಲೆ ಗಾಜಿನ ಸೀಸೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಅಂಟಿನ ಬಿಸಿ 60ರಿಂದ 63 ಡಿಗ್ರಿ ಸೆಲ್ಸಿಯಸ್ ಇರಬೇಕು. 70 ದಾಟಿದರೆ ಅದರ ಕಸುವು ಇಳಿಯುತ್ತದೆ, ಕುದಿಸಿದರೆ ಚೆಲ್ಲುವುದೊಂದೇ ದಾರಿ. ಮಗುವಿನ ಹಾಲಿನ ಬಾಟಲಿ ಬಿಸಿಮಾಡುವ ಪುಟ್ಟ ವಿದ್ಯುತ್ ಉಪಕರಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಆದರೂ ಥರ್ಮಾಮೀಟರ್ ಇಳಿಬಿಟ್ಟೇ ನೋಡಿ. ಬ್ರಷ್ ಎತ್ತಿದಾಗ ಅಂಟು ಎಳೆಪಾಕಕ್ಕೆ ಮುಂಚಿನ ಬೆಲ್ಲದ ಪಾಕದಂತೆ ತುಂಡಾಗದೆ ಇಳಿಯಬೇಕು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ಬಾರಿ ಮತ್ತೆ ಕರಗಿಸಬಹುದು; ಕೊಳೆತ ವಾಸನೆ ಬಂದರೆ ಎಸೆಯಿರಿ.

ಮರದ ತಯಾರಿಯಲ್ಲಿ ಎರಡು ಎಚ್ಚರಗಳು ಸಾಕು. ಕೆಲಸದ ಕೋಣೆಯ ತೇವಾಂಶ ಶೇ 45ರ ಆಸುಪಾಸಿನಲ್ಲಿರಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಮುಚ್ಚಿದ ಪೆಟ್ಟಿಗೆ ಮಾರ್ಚಿನ ಒಣಹವೆಗೆ ಸೀಳುತ್ತದೆ. ಇನ್ನೊಂದು, ಪಕ್ಕೆ ಮತ್ತು ಹಿಂಬದಿಗೆ ಬೀಟೆ ಬಳಸುವವರಿಗೆ. ನಮ್ಮ ಪಶ್ಚಿಮಘಟ್ಟದ ಈ ಮರವನ್ನು ಬ್ರೆಜಿಲ್ಲಿನ ರೋಸ್‌ವುಡ್ ಸಿಗದಾದಾಗ, 1969ರ ಸುಮಾರಿಗೆ, ಮಾರ್ಟಿನ್ ಕಂಪನಿಯೇ ಆರಿಸಿಕೊಂಡಿತು. ಚೆಂದದ ಮರ, ಆದರೆ ಎಣ್ಣೆಯ ಅಂಶದ್ದು. ಅಂಟಿಸುವ ಜಾಗವನ್ನು ಅದೇ ದಿನ ಹೆರೆದು, ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು.

ಇನ್ನು ಕಷ್ಟದ ಘಟ್ಟ. ಪಕ್ಕೆಗಳ ಒಳಅಂಚಿಗೆ ಹಲಗೆ ಅಂಟಲು ಅಗಲ ಕೊಡುವ ಲೈನಿಂಗ್ ಪಟ್ಟಿ ಕೂಡಿಸಿ, ಹಲಗೆಯ ಒಳಮೈಗೆ ಬಲ ಕೊಡುವ ಬ್ರೇಸ್‌ಗಳ ತುದಿ ಕೂರಲು ಅದರಲ್ಲಿ ಗಾಡಿ, ಅಂದರೆ ಕಚ್ಚು, ತೆಗೆದು, ಮೇಲ್ಹಲಗೆಯನ್ನು ಇಡುವಷ್ಟರ ಮಟ್ಟಿಗೆ ಎಲ್ಲವೂ ಸಿದ್ಧವಿದೆ ಎಂದಿಟ್ಟುಕೊಳ್ಳೋಣ. 22 ಡಿಗ್ರಿಯ ಕೋಣೆಯಲ್ಲಿ ತಣ್ಣನೆಯ ಮರಕ್ಕೆ ಬಳಿದ ಸರೇಸು ಒಂದು ನಿಮಿಷದೊಳಗೇ ಹೆಪ್ಪುಗಟ್ಟುತ್ತದೆ. ನನ್ನ ಮೊದಲ ಪೆಟ್ಟಿಗೆಯನ್ನು ಡಿಸೆಂಬರಿನ ಒಂದು ಬೆಳಿಗ್ಗೆ ಒಂದೇ ಉಸುರಿಗೆ ಅಂಟಿಸಿದ್ದೆ. ನೋಡಲು ಎಲ್ಲೂ ಸಂದು ಕಾಣಲಿಲ್ಲ. ಆರು ತಿಂಗಳಾದ ಮೇಲೆ, ಪೆಟ್ಟಿಗೆ ಒಳಕ್ಕೆ ಬಾಗುವ ಸೊಂಟದ ಬಳಿ ಬೆರಳಗಲದ ಜಾಗ ಝುಂಯ್‌ಗುಡಲು ಶುರುವಾಯಿತು. ಬಿಡಿಸಿ ನೋಡಿದರೆ ಅಂಟಿನ ಮೇಲೆ ಬ್ರಷ್ಷಿನ ಗೆರೆಗಳು ಹಾಗೆಯೇ ಇದ್ದವು, ಮರ ಅದನ್ನು ಮುಟ್ಟಿರಲೇ ಇಲ್ಲ.

ಆದ್ದರಿಂದ ಪಿಟೀಲು ಮಾಡುವವರ ಕ್ರಮವನ್ನು ಎರವಲು ಪಡೆಯಿರಿ. ಹಿಂದಿನ ದಿನವೇ ಲೈನಿಂಗಿಗೂ ಹಲಗೆಯ ಅಂಚಿಗೂ ತೆಳ್ಳಗಿನ ಅಂಟನ್ನು ಒಂದು ಕೈ ಬಳಿದು ಒಣಗಿಸಿ. ಹೀಗೆ ಮಾಡದಿದ್ದರೆ ಗರಗಸದ ಸೀಳುಗಳಿರುವ ಲೈನಿಂಗ್ ಅಂಟನ್ನೆಲ್ಲ ಕುಡಿದುಬಿಡುತ್ತದೆ. ಮಾರನೆಯ ದಿನ ಅಂಟಿಲ್ಲದೆ ಹಲಗೆಯನ್ನು ಕೂಡಿಸಿ, ನಡುಗೆರೆ ಸರಿಹೊಂದಿಸಿ, ನಾಲ್ಕೈದು ಸೆಂಟಿಮೀಟರಿಗೊಂದರಂತೆ ಸುತ್ತಲೂ ಸ್ಪೂಲ್ ಕ್ಲಾಂಪ್ ಹಾಕಿ ನೋಡಿ. ಇವನ್ನು ದುಡ್ಡು ಕೊಟ್ಟು ತರಿಸಬೇಕಾಗಿಲ್ಲ: ತಿರುಪಿನ ಮರೆಯಿರುವ 6 ಮಿ.ಮೀ. ಸರಳು, ಎರಡು ಮರದ ಬಿಲ್ಲೆ, ಅವಕ್ಕೆ ಕಾರ್ಕಿನ ಹೊದಿಕೆ, ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು ಇಷ್ಟಿದ್ದರೆ ಆಯಿತು. ಸ್ಪ್ಯಾನರ್ ಬೇಡುವ ಕ್ಲಾಂಪನ್ನು ನಾನು ಈ ಕೆಲಸದ ಹತ್ತಿರ ಸುಳಿಯಗೊಡುವುದಿಲ್ಲ.

ಮೊದಲು ಪೆಟ್ಟಿಗೆಯೊಳಗೆ ಕತ್ತಿನ ಕಡೆಯಿರುವ ಮರದ ದಿಮ್ಮಿ (ನೆಕ್ ಬ್ಲಾಕ್) ಮತ್ತು ಬುಡದ ಕಡೆಯದು (ಟೇಲ್ ಬ್ಲಾಕ್) ಮಾತ್ರ. ಕ್ಲಾಂಪ್‌ಗಳನ್ನು ಸಾಲಾಗಿ ಕೈಗೆಟಕುವಂತೆ ಇಟ್ಟುಕೊಂಡು, ಎರಡೂ ಬ್ಲಾಕ್‌ಗಳನ್ನೂ ಹಲಗೆಯ ಆ ಭಾಗಗಳನ್ನೂ ಹೇರ್ ಡ್ರೈಯರಿನಿಂದ, ಮಣಿಕಟ್ಟಿಗೆ ತಾಗಿಸಿದರೆ ಬಿಸಿ ಎನಿಸುವವರೆಗೆ ಕಾಯಿಸಿ. ಅಂಟು ಬಳಿಯಲು ಹತ್ತು ಸೆಕೆಂಡು, ಹಲಗೆ ಇಡಲು ಐದು, ಬಿಗಿಯಲು ಹದಿನೈದು ಎಂಬಷ್ಟು ಕೈ ಪಳಗಿರಬೇಕು. ಅದಕ್ಕಾಗಿ ಅಂಟಿಲ್ಲದೆ ಮೂರು ಸಲ ಅಭ್ಯಾಸ ಮಾಡಿ, ಮನೆಯವರೊಬ್ಬರನ್ನು ಹಲಗೆ ಹಿಡಿಯಲು ಕರೆಯಿರಿ. ಅರ್ಧ ಗಂಟೆ ಬಿಟ್ಟು ಉಳಿದ ಕ್ಲಾಂಪ್‌ಗಳನ್ನು ಅಂಟಿಲ್ಲದೆಯೇ ಸುತ್ತ ಹಾಕಿ.

ಈಗ ನೆಕ್ ಬ್ಲಾಕಿನ ಪಕ್ಕದ ಮೂರು ಕ್ಲಾಂಪ್‌ಗಳನ್ನು ಮಾತ್ರ ಸಡಿಲಿಸಿ ತೆಗೆಯಿರಿ. ಆ ಭಾಗಕ್ಕೆ ಒಂದು ನಿಮಿಷ ಬಿಸಿಗಾಳಿ ಹಿಡಿದು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ತೆಳುವಾದ ಪ್ಯಾಲೆಟ್ ಚಾಕುವಿನಿಂದ (ಚಿತ್ರಕಾರರು ಬಣ್ಣ ಕಲಸುವಂಥದ್ದು) ಹಲಗೆಯನ್ನು ಎರಡು ಮೂರು ಮಿ.ಮೀ. ಎತ್ತಿ, ಅದೇ ಚಾಕುವಿನ ತುದಿಯಲ್ಲಿ ಅಂಟು ತೆಗೆದುಕೊಂಡು ಸಂದಿನೊಳಗೆ ಹಿಂದಕ್ಕೂ ಮುಂದಕ್ಕೂ ಸವರಿ. ಬ್ರೇಸಿನ ತುದಿ ಕೂರುವ ಗಾಡಿಗೆ ಒಂದು ಹನಿ ಹೆಚ್ಚಿಗೆ ಕೊಡಿ. ಚಾಕು ಹೊರಗೆಳೆದು, ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೂರೂ ಕ್ಲಾಂಪ್‌ಗಳನ್ನು ಮರಳಿ ಹಾಕಿ. ಅಂಚಿನುದ್ದಕ್ಕೂ ರಾಗಿಕಾಳಿನಷ್ಟು ಅಂಟಿನ ಮಣಿಗಳು ಹೊರಬಂದರೆ ಕೂಡಿಕೊಂಡಿತು; ಬರದಿದ್ದರೆ ನಾಚಿಕೆಪಡದೆ ಬಿಚ್ಚಿ, ಮತ್ತೆ ಕಾಯಿಸಿ, ಇನ್ನೊಮ್ಮೆ ಸವರಿ. ಬಿಗಿತ ಬೆರಳಿನ ಬಲದಷ್ಟೇ ಇರಲಿ, ಹೆಚ್ಚು ಒತ್ತಿದರೆ ಅಂಟೆಲ್ಲ ಹಿಂಡಿಹೋಗಿ ಸಂದು ಬರಿದಾಗುತ್ತದೆ. ಹೀಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುತ್ತಾ ಸೊಂಟ ದಾಟಿ ಟೇಲ್ ಬ್ಲಾಕಿನವರೆಗೆ ಬನ್ನಿ. ಸೊಂಟದ ಬಳಿ ಅವಸರ ಬೇಡ; ಅಲ್ಲಿ ಎರಡೆರಡೇ ಕ್ಲಾಂಪ್ ಬಿಚ್ಚಿ.

ಹೊರಬಂದ ಅಂಟು ರಬ್ಬರಿನಂತಾದ ಹೊತ್ತಿನಲ್ಲಿ, ಸುಮಾರು ಅರ್ಧ ಗಂಟೆಯೊಳಗೆ, ಉಳಿಯ ತುದಿಯಿಂದ ಪಟ್ಟಿಯಂತೆ ಸುಲಿದು ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಅಂಟು ಮೇಲ್ಹಲಗೆಯ ಸ್ಪ್ರೂಸ್ ಮರದ ಎಳೆಗಳೊಳಗೆ ಇಳಿದು, ಪಾಲಿಶ್ ಹಾಕಿದಾಗ ಕಲೆಯಾಗಿ ಎದ್ದುಬರುತ್ತದೆ. ಕ್ಲಾಂಪ್‌ಗಳು 24 ಗಂಟೆ ಹಾಗೆಯೇ ಇರಲಿ. ಹಿಂಬದಿ ಹಲಗೆಗೂ ಇದೇ ಕ್ರಮ, ಒಂದೇ ವ್ಯತ್ಯಾಸವೆಂದರೆ ಪೆಟ್ಟಿಗೆ ಮುಚ್ಚಿದ ಮೇಲೆ ಒಳಗಿನ ಮಣಿಗಳನ್ನು ಸುಲಿಯಲು ನಾದರಂಧ್ರದಿಂದ ಕೈ ಹೋಗಬೇಕು. ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯೂ ಒಂದು ಟಾರ್ಚೂ ಹತ್ತಿರವಿರಲಿ.

ಕ್ಲಾಂಪ್ ತೆಗೆದ ಮೇಲೆ ಅಂಚಿನುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬನ್ನಿ. ಕೂಡಿದ ಕಡೆ ನಾದ ಒಂದೇ ಸಮನಿರುತ್ತದೆ, ಬಿಟ್ಟ ಕಡೆ ಸೀಳುಬಿದಿರನ್ನು ತಟ್ಟಿದಂತೆ ಪಟಪಟ ಎನ್ನುತ್ತದೆ. ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಮತ್ತೆ ಅದೇ ಬಿಸಿ ಚಾಕು, ಅದೇ ಮೂರು ಕ್ಲಾಂಪ್.