ಫನುವೇಲನ ಮಗಳು

ಮೈಸೂರು ಕಡೆಯ ಒಂದು ಹಳ್ಳಿ ಚರ್ಚಿಗೆ ಗುರುವಾಗಿ ಹೋದ ಹೊಸತು. ಒಂದು ಭಾನುವಾರ ಗರ್ಭಪಾತದ ಬಗ್ಗೆ ಇಪ್ಪತ್ತೈದು ನಿಮಿಷ ಕೂಗಾಡಿದೆ. ಕೊಲೆ, ಕೊಲೆ ಅಂತ ಎಷ್ಟು ಸಲ ಅಂದೆನೋ! ನಡುವೆ ಒಬ್ಬ ಹೆಂಗಸು ಎದ್ದು ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು. ಅವಳ ಅತ್ತೆ ಮಾತ್ರ ಮುಂದಿನ ಸಾಲಿನಲ್ಲೇ ತಲೆಯಾಡಿಸುತ್ತಾ ಕೂತಿದ್ದರು. ಪೂಜೆ ಮುಗಿದ ಮೇಲೆ ಬಂದು, ‘ಸ್ತೋತ್ರ ಸ್ವಾಮಿ, ಈಗಿನ ಹುಡುಗೀರಿಗೆ ಹಿಂಗೇ ಹೇಳ್ಬೇಕು’ ಅಂದರು.

ನಾಲ್ಕು ತಿಂಗಳು ಸೊಸೆ ಪೂಜೆಗೆ ಬರಲಿಲ್ಲ. ಮನೆಗೆ ಹೋದಾಗ ಅತ್ತೆ ಹೊಲದಲ್ಲಿದ್ದರು. ಕಾಫಿ ಲೋಟ ಕೊಡುತ್ತಾ ಹೇಳಿದಳು, ಎರಡು ಹೆಣ್ಣಾದ ಮೇಲೆ ಮೂರನೆಯದೂ ಹೆಣ್ಣೇ ಅಂತ ಗೊತ್ತಾಯ್ತಂತೆ, ಕರೆದುಕೊಂಡು ಹೋಗಿದ್ದು ಅತ್ತೆಯೇ. ‘ನೀವು ನನ್ನೊಬ್ಬಳನ್ನೇ ಬೈದ್ರಿ ಸ್ವಾಮಿ.’ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಪಾಪನಿವೇದನೆಯಲ್ಲಿ ಕೇಳಿದ್ದಾಗಿದ್ದರೆ ಹೆಸರಿಲ್ಲದೆಯೂ ಬರೆಯುವಂತಿಲ್ಲ.)

ಆಮೇಲೆ 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯ ಸುದ್ದಿ ಬಂತು. ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟು ಹೆಣ್ಣೋ ಗಂಡೋ ನೋಡುತ್ತಿದ್ದರಂತೆ, 1994ರಲ್ಲೇ ಅದನ್ನು ನಿಷೇಧಿಸುವ ಕಾಯ್ದೆ ಬಂದಿದ್ದರೂ. ಊರೆಲ್ಲ ಅದೇ ಮಾತು. ಸುಮ್ಮನಿರುವ ಹಾಗಿರಲಿಲ್ಲ.

ಡಿಸೆಂಬರ್ 31, ಪವಿತ್ರ ಕುಟುಂಬದ ಹಬ್ಬ. ಆ ದಿನ ಬೈಬಲ್ಲಿನಿಂದ ಓದುವ ಶುಭಸಂದೇಶಕ್ಕೆ ಒಂದು ಚಿಕ್ಕ ಪಾಠವೂ ಇದೆ, ಅದನ್ನೇ ಓದಿ ಮುಗಿಸಿದರೆ ದೇವಾಲಯದಲ್ಲಿ ಬಾಲಯೇಸುವನ್ನು ಕಂಡ ಮುದುಕಿ ಅನ್ನಳು ಬರುವುದೇ ಇಲ್ಲ. ನಾನು ಬೇಕಂತಲೇ ಪೂರ್ತಿ ಓದಿದೆ. ‘ಫನುವೇಲನ ಮಗಳು ಅನ್ನ’ ಅಂತ ಲೂಕ ಬರೆಯುತ್ತಾನೆ. ಹೆಸರು ಹೇಳೋಕೆ ಒಬ್ಬ ಮಗ ಬೇಕು ಅಂತೀವಲ್ವಾ, ಈ ಫನುವೇಲನ ಹೆಸರು ಎರಡು ಸಾವಿರ ವರ್ಷ ಉಳಿದದ್ದು ಯಾರಿಂದ, ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಗಂಡಸರ ಸಾಲಿನಲ್ಲಿ ಒಬ್ಬರು ಕೆಮ್ಮಿದರು.

ಗರ್ಭಪಾತ ಪಾಪವೇ ಅಂದೆ, ಅದರಲ್ಲಿ ಒಂದಕ್ಷರ ಸಡಿಲ ಮಾಡಲಿಲ್ಲ, ಮಾಡುವ ಅಧಿಕಾರವೂ ನನಗಿಲ್ಲ. ಆದರೆ ಗಾಡಿ ಮಾಡಿಕೊಂಡು ಕರೆದೊಯ್ದವರು, ದುಡ್ಡು ಎಣಿಸಿ ಕೊಟ್ಟವರು, ‘ಇನ್ನೊಂದು ಹೆಣ್ಣಾದ್ರೆ ತವರಿಗೆ ಹೋಗು’ ಅಂದ ಗಂಡ, ಇವರ ಪಾಲೂ ಇದೆ ಅಂದೆ. ಅವಳ ಕಥೆ ಹೇಳಲಿಲ್ಲ, ನಮ್ಮದು ಸಣ್ಣ ಊರು, ಒಂದು ಸುಳಿವು ಸಾಕು. ಕೊನೆಗೆ ಕ್ಷಮೆಯ ಮಾತು. ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಗುರುಗಳಿಗೂ ಖಾಯಂ ಆಗಿ ಕೊಟ್ಟಿದ್ದಾರೆ, ಯಾವ ದಿನ ಬೇಕಾದರೂ ಬನ್ನಿ ಅಂದೆ.

ಪ್ರಬೋಧನೆ ಒಟ್ಟು ಒಂಬತ್ತು ನಿಮಿಷ. ಎಂಟು ದಾಟಬೇಡಿ ಅಂತ ಅದೇ ಪೋಪ್ 2024ರಲ್ಲಿ ಹೇಳಿದರು, ಪರವಾಗಿಲ್ಲ, ಹತ್ತಿರ ಬಂದಿದ್ದೆ.

ಸೊಸೆ ಕೊನೆಯವರೆಗೂ ಕೂತಿದ್ದಳು. ಅತ್ತೆ ಈ ಸಲ ಸ್ತೋತ್ರ ಹೇಳದೆ ಗೇಟು ದಾಟಿದರು.